ನಿದ್ದೆ ಬಾರದ ದಾಸವಾಳ

ಪೂಜೆ ಮುಗಿದ ಮೇಲೆ ಕಳಸದ ನೀರನ್ನ ಗಿಡದ ಬುಡಕ್ಕೆ ಹಾಕೋದು ನಮ್ಮಮ್ಮನಿಂದ ನನಗೆ ಬಂದ ರೂಢಿ. ತುಳಸಿಗೆ ಒಂದಿಷ್ಟು, ಉಳಿದಿದ್ದೆಲ್ಲ ಕಾಂಪೌಂಡ್ ಪಕ್ಕದ ಕೆಂಪು ದಾಸವಾಳಕ್ಕೆ. ದಿನಾ ಒಂದು ಚೊಂಬು, ಮಳೆ ಬಂದ್ರೂ ಸೈ, ಬರದಿದ್ರೂ ಸೈ. ದಾವಣಗೆರೆ ವಿದ್ಯಾನಗರದ ಈ ಮನೆಗೆ ಬಂದಾಗ ನೆಟ್ಟ ಗಿಡ ಅದು, ಈಗ ಟೆರೇಸ್ ಮುಟ್ಟೋಕೆ ಹೋಗ್ತಿದೆ, ಬೆಳಿಗ್ಗೆ ಆರಕ್ಕೆ ಬುಟ್ಟಿ ಹಿಡ್ಕೊಂಡು ಹೋದ್ರೆ ಇಪ್ಪತ್ತು ಮೂವತ್ತು ಹೂ ಸಿಗುತ್ತೆ, ನಮ್ಮನೆಗೆ ಆಗಿ ಮಿಕ್ಕಿದ್ದು ಪಕ್ಕದ ಮನೆಗೆ, ಮಂಗಳವಾರ ಶುಕ್ರವಾರ ಆದ್ರೆ ದುಗ್ಗಮ್ಮನ ಗುಡಿಗೆ ಹೊರಟೋರು ಯಾರಾದ್ರೂ ಗೇಟ್ ಹತ್ರ ನಿಂತು "ಟೀಚರ್, ನಾಲ್ಕು ಹೂ ಕಿತ್ಕೊಳ್ಳಲಾ?" ಅಂತ ಕೇಳ್ತಾರೆ. ನಾನು ಆ ಗಿಡಕ್ಕೆ ಅಂತ ಗೊಬ್ಬರ ತಂದವಳಲ್ಲ, ಔಷಧಿ ಹೊಡೆದವಳಲ್ಲ. ಚೊಂಬು ನೀರು ಬಿಟ್ರೆ ಬೇರೇನೂ ಮಾಡಿಲ್ಲ. ಆದ್ರೆ ಈಗ ಎರಡು ವರ್ಷದಿಂದ ಆ ಚೊಂಬು ಬಗ್ಗಿಸೋಕೆ ಮುಂಚೆ ನನ್ನ ಕೈ ತಾನಾಗೇ ಮಣ್ಣಿಗೆ ಹೋಗುತ್ತೆ. ತೋರುಬೆರಳು ಎರಡನೇ ಗೆಣ್ಣಿನ ತನಕ ಚುಚ್ಚಿ, ಒಳಗೆ ಒದ್ದೆ ಇದೆಯಾ ಇಲ್ವಾ ಅಂತ ನೋಡಿ, ಆಮೇಲೆ ನೀರು. ನಮ್ಮೂರಿನ ಮಾರ್ಚ್ ಬಿಸಿಲಿಗೆ ಇದರ ಅಗತ್ಯಾನೇ ಇಲ್ಲ, ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೆ ಎಲ್ಲಿ ಹೋಯ್ತು ಅಂತ ಗೊತ್ತಾಗಲ್ಲ. ಆದ್ರೂ ಬೆರಳು ಹೋಗುತ್ತೆ. ಅದಕ್ಕೆ ಕಾರಣ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನನ್ನ ಕೈಯಾರೆ ಸಾಯೋ ತನಕ ಹೋಗಿದ್ದ ಇನ್ನೊಂದು ದಾಸವಾಳ.

ಎರಡೂವರೆ ವರ್ಷದ ಹಿಂದೆ, ಸೆಪ್ಟೆಂಬರ್ ನಡುವಲ್ಲಿ, ಮಗಳ ಬಾಣಂತನಕ್ಕೆ ಅಂತ ಹೋಗಿದ್ದೆ. ವಿಸಿಟರ್ ವೀಸಾ, ಆರು ತಿಂಗಳು. ಬಾಣಂತಿ ಖಾರ, ಬಜೆ, ಹಳೇ ಕಾಟನ್ ಸೀರೆ ಹರಿದು ಮಾಡಿದ ಬಟ್ಟೆಗಳು, ಎಲ್ಲ ಸೂಟ್‌ಕೇಸಿಗೆ ತುಂಬಿ ಕೊನೆಗೆ ನಮ್ಮ ಗಿಡದ್ದೊಂದು ಗೇಣುದ್ದ ಕಡ್ಡಿ ಕತ್ತರಿಸಿ ಒದ್ದೆ ಬಟ್ಟೆ ಸುತ್ತಿ ಇಟ್ಕೊಂಡಿದ್ದೆ. ರಾತ್ರಿ ಫೋನಲ್ಲಿ ಹೇಳಿದಾಗ ಅಳಿಯಂದಿರು "ಬೇಡ ಅತ್ತೆ, ಸಸಿ ಕಡ್ಡಿ ಏನೇ ತಂದ್ರೂ ರೋಗ ಇಲ್ಲ ಅನ್ನೋ ಸರ್ಟಿಫಿಕೇಟ್ ಬೇಕು, ಇಲ್ಲಾಂದ್ರೆ ಏರ್‌ಪೋರ್ಟಲ್ಲೇ ತಗೊಂಡುಬಿಡ್ತಾರೆ. ನಿಮಗೆ ಅಂತ ಇಲ್ಲೇ ಒಂದು ಗಿಡ ತಂದಿಟ್ಟಿದೀವಿ" ಅಂದ್ರು. ಕಡ್ಡಿ ತೆಗೆದು ಮತ್ತೆ ನಮ್ಮ ಕಾಂಪೌಂಡಲ್ಲೇ ಚುಚ್ಚಿದೆ. ಈಗ ಅದೂ ಸೊಂಟದೆತ್ತರ ಆಗಿದೆ.

ಅಲ್ಲಿಗೆ ಹೋಗಿ ನೋಡಿದ್ರೆ ಹಿತ್ತಲ ಕಲ್ಲುಹಾಸಿನ ಮೇಲೆ ಒಂದು ಪಾಟು. ಮೊಣಕಾಲೆತ್ತರದ ದುಂಡನೆ ಗಿಡ, ಎಲೆ ಎಣ್ಣೆ ಸವರಿದ ಹಾಗೆ ಹೊಳೀತಿತ್ತು, ಹದಿನಾಲ್ಕು ಮೊಗ್ಗು. ಎಣಿಸಿದೆ. ನಮ್ಮನೆ ಗಿಡದ ಮೊಗ್ಗನ್ನ ಜನ್ಮದಲ್ಲಿ ಎಣಿಸಿದವಳಲ್ಲ ನಾನು. ಇಷ್ಟು ಗಿಡ್ಡಕ್ಕೆ ಇಷ್ಟು ಮೊಗ್ಗು ಹೆಂಗೆ ಅಂತ ಆಶ್ಚರ್ಯ ಆಯ್ತು, ಆಮೇಲೆ ತಿಳೀತು, ಪಾಟಿನಲ್ಲಿ ಮಾರೋ ದಾಸವಾಳಕ್ಕೆ ಅಲ್ಲಿ ಸಾಮಾನ್ಯವಾಗಿ ಬೆಳವಣಿಗೆ ತಡೆಯೋ ಔಷಧಿ ಕೊಟ್ಟಿರ್ತಾರಂತೆ, ಕಿಟಕಿ ಮೇಲೆ ಚಂದ ಕಾಣ್ಲಿ ಅಂತ. ಅದರ ಪ್ರಭಾವ ಇಳಿದ ಮೇಲೆ ಗಿಡ ತನ್ನ ನಿಜವಾದ ಗುಣಕ್ಕೆ ಬಂದು ಉದ್ದುದ್ದ ಕೈ ಚಾಚುತ್ತೆ. ಮಗಳ ಮನೆಯ ಆ ಗಿಡವೂ ಹಂಗೇ ಆಯ್ತು, ಈಗ ಅದು ನನ್ನ ಮಗಳ ಭುಜಕ್ಕೆ ಬರುತ್ತೆ.

ಎರಡು ಹತ್ತಿ ಊರು

ದಾವಣಗೆರೆಯವರಿಗೆ ಮ್ಯಾಂಚೆಸ್ಟರ್ ಅನ್ನೋ ಹೆಸರು ಹೊಸದಲ್ಲ. ಸ್ಕೂಲಿಗೆ ಹೋಗೋ ಕಾಲದಿಂದ ಹತ್ತಿ ಮಿಲ್ಲುಗಳಿಂದಾಗಿ ನಮ್ಮೂರು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಬಾಯಿಪಾಠ ಮಾಡ್ಕೊಂಡೇ ಬೆಳೆದವರು ನಾವು. ನಮ್ಮಪ್ಪ ಮಿಲ್ಲಲ್ಲಿ ಸ್ಪಿನ್ನಿಂಗ್ ಕಡೆ ಇದ್ರು. ಶಿಫ್ಟ್ ಮುಗಿಸಿ ಬಂದಾಗ ಹುಬ್ಬು, ಕಿವಿ ಮೇಲಿನ ಕೂದಲು, ಎಲ್ಲಾ ಕಡೆ ಸಣ್ಣ ಸಣ್ಣ ಹತ್ತಿ ಎಳೆ. ಅಮ್ಮ ಹಿತ್ತಲಲ್ಲಿ ಬಿಸಿನೀರು ಇಟ್ಟಿರೋಳು, ಅಪ್ಪ ಮುಖ ತೊಳೆಯೋ ತನಕ ನಾವು ಅವರನ್ನ ಮುಟ್ಟೋ ಹಾಗಿರಲಿಲ್ಲ. ಒಂದ್ಸಲ ಜಗಳೂರು ಕಡೆ ನೆಂಟರ ಮನೆಗೆ ಹೋಗುವಾಗ ಬಸ್ ಕೆಟ್ಟು ನಿಂತು, ರಸ್ತೆ ಪಕ್ಕದ ಹೊಲಕ್ಕೆ ಇಳಿದು ಅಪ್ಪ ಒಂದು ಹತ್ತಿ ಹೂ ಕಿತ್ತು ತಂದು ನನ್ನ ಕೈಗೆ ಕೊಟ್ಟಿದ್ರು. ಬೆಣ್ಣೆ ಬಣ್ಣದ ಹೂ, ನಡುವೆ ಕೇಸರದ ಕಂಬ. "ನೋಡವ್ವ, ದಾಸವಾಳದ ತಂಗಿ ಇದ್ದಂಗೈತೆ" ಅಂದಿದ್ರು. ಅಪ್ಪ ಓದಿದ್ದು ನಾಲ್ಕನೇ ಕ್ಲಾಸು. ಹತ್ತಿ, ದಾಸವಾಳ, ಬೆಂಡೆ, ಪುಂಡಿ, ಹೂವರಸಿ ಎಲ್ಲ ಒಂದೇ ಕುಟುಂಬ ಅಂತ ನಾನು ಪುಸ್ತಕದಲ್ಲಿ ಓದಿದ್ದು ಅದಾಗಿ ಎಷ್ಟೋ ವರ್ಷಕ್ಕೆ. ಹತ್ತಿ ಹೂ ಮೊದಲ ದಿನ ಹಳದಿ ಬಿಳುಪು, ಮಾರನೇ ದಿನ ಗುಲಾಬಿಗೆ ತಿರುಗಿ ಮುದುಡುತ್ತೆ. ಅವತ್ತು ಬಸ್ಸಲ್ಲಿ ಕೈಯಲ್ಲೇ ಹಿಡ್ಕೊಂಡು ಕೂತಿದ್ದೆ, ಮಾರನೇ ದಿನ ಬಣ್ಣ ಬದಲಾಗಿದ್ದು ನೋಡಿ ನಾನೇ ಹಾಳು ಮಾಡಿದೆ ಅಂತ ಅತ್ತಿದ್ದೆ.

ಅಳಿಯಂದಿರು ಒಂದಿನ ಅಲ್ಲಿನ ಮ್ಯೂಸಿಯಂಗೆ ಕರ್ಕೊಂಡು ಹೋದ್ರು, ಹಳೇ ನೂಲಿನ ಮಷೀನುಗಳಿವೆ ಅಲ್ಲಿ. ಅವುಗಳ ಮುಂದೆ ನಿಂತಾಗ ನನಗೆ ಬಂದ ಯೋಚನೆ ಒಂದೇ. ಇಷ್ಟು ಹತ್ತಿ ನೂತ ಈ ಊರಲ್ಲಿ ಒಂದು ಹತ್ತಿ ಗಿಡ ಬೆಳೆದಿಲ್ಲ. ಬೆಳೆಯೋಕೆ ಆ ಚಳಿ ಬಿಡಲ್ಲ. ಅಮೆರಿಕದಿಂದ, ಈಜಿಪ್ಟಿಂದ, ನಮ್ಮ ಕಡೆಯಿಂದ ಹಡಗಲ್ಲಿ ಹೋದ ಅರಳೆ ಅದು. 1861ರಿಂದ 65ರ ತನಕ ಅಮೆರಿಕದ ಅಂತರ್ಯುದ್ಧದಲ್ಲಿ ಅಲ್ಲಿನ ಹತ್ತಿ ನಿಂತಾಗ ಮ್ಯಾಂಚೆಸ್ಟರ್ ಸುತ್ತಲಿನ ಮಿಲ್ಲುಗಳು ಬಂದ್ ಆಗಿ ಜನ ಹಸಿದ್ರು, ಆಗ ಧಾರವಾಡದ ಕಡೆ ಹತ್ತಿಗೂ ಹುಡುಕಾಟ ಬಂತು. ಆ ಮಿಲ್ಲುಗಳಲ್ಲಿ ದುಡಿದ ಲಕ್ಷಗಟ್ಟಲೆ ಜನರಲ್ಲಿ ಎಷ್ಟು ಮಂದಿ ಹತ್ತಿ ಹೂ ನೋಡಿರಬಹುದು? ನಮ್ಮಪ್ಪ ನೋಡಿದ್ರು, ಕಿತ್ತು ಮಗಳ ಕೈಗೆ ಕೊಟ್ಟಿದ್ರು. ಅಷ್ಟಾದ್ರೂ ನಮಗಿತ್ತು ಅಂತ ಯಾಕೋ ಅಲ್ಲಿ ನಿಂತು ಸಮಾಧಾನ ಆಯ್ತು.

ಕಳಸದ ನೀರು

ಸೆಪ್ಟೆಂಬರ್ ಕೊನೆಗೆ ರಾತ್ರಿ ಚಳಿ ಹತ್ತು ಡಿಗ್ರಿಗಿಂತ ಕೆಳಗೆ ಹೋಗೋಕೆ ಶುರುವಾಯ್ತು, ಮಗಳು ಪಾಟನ್ನ ಒಳಗೆ ತಂದು ನಡುಮನೆ ಕಿಟಕಿ ಹತ್ರ ಇಟ್ಟಳು, ಕೆಳಗೇ ಮನೆ ಬೆಚ್ಚಗಿಡೋ ರೇಡಿಯೇಟರ್. ನಾಲ್ಕೇ ದಿನಕ್ಕೆ ಹದಿನಾಲ್ಕು ಮೊಗ್ಗೂ ಒಂದೊಂದಾಗಿ ಉದುರಿದವು, ತೊಟ್ಟಿನ ಸಮೇತ, ಹಳದಿಯಾಗಿ. ನನಗೆ ನಾನೇ ಎಣಿಸಿದ್ದಕ್ಕೆ ದೃಷ್ಟಿ ಆಯ್ತೇನೋ ಅನ್ನಿಸಿತು. ಹೊರಗಿನ ಬೆಳಕಿಂದ ಒಳಗೆ ತಂದಾಗ ದಾಸವಾಳ ಮೊಗ್ಗು ಉದುರಿಸೋದು ಸಹಜ, ಇದು ಗೊತ್ತಿದ್ರೂ ಮನಸ್ಸು ಆ ಹೊತ್ತಲ್ಲಿ ಹೋಗೋದು ದೃಷ್ಟಿ ಕಡೆಗೇ. ಆಮೇಲಿಂದ ಗಿಡದ ಉಸ್ತುವಾರಿ ನನ್ನದು ಅಂತ ನಾನೇ ತಗೊಂಡೆ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಅಡುಗೆಮನೆ ಶೆಲ್ಫಲ್ಲಿ ಮಾಡ್ಕೊಂಡಿದ್ದ ಪುಟ್ಟ ದೇವರ ಗೂಡಿಗೆ ದೀಪ ಹಚ್ಚಿ, ಕಳಸದ ನೀರು ತಂದು ಪಾಟಿಗೆ. ಊರಲ್ಲಿ ಹೆಂಗೋ ಅಲ್ಲೂ ಹಂಗೆ, ದಿನಾ ಒಂದು ಚೊಂಬು.

ಅಕ್ಟೋಬರ್ ಕೊನೆಗೆ ಮೊಮ್ಮಗಳು ಹುಟ್ಟಿದಳು. ಮನೆಗೆ ಬಂದ ಮೊದಲ ವಾರ ಅಲ್ಲಿನ ಮಿಡ್‌ವೈಫ್, ಅಂದ್ರೆ ಹೆರಿಗೆ ಬಾಣಂತನ ನೋಡ್ಕೊಳ್ಳೋ ನರ್ಸ್, ಒಬ್ಬರು ನೋಡೋಕೆ ಬರ್ತಿದ್ರು. ನಮ್ಮ ಕಡೆ ಬಾಣಂತಿಗೆ ನೀರು ಕಡಿಮೆ, ಕೊಟ್ರೂ ಕಾಯಿಸಿ ಆರಿಸಿದ್ದು, ಗುಟುಕು ಲೆಕ್ಕ. ನನ್ನ ಬಾಣಂತನದಲ್ಲಿ ಅಮ್ಮ ಹಂಗೇ ಮಾಡಿದ್ರು, ನಾನೂ ಹಂಗೇ ಮಾಡ್ತಿದ್ದೆ. ಮಗಳು ಮೂರನೇ ದಿನ ರಾತ್ರಿ ಹಾಲು ಕುಡಿಸ್ತಾ "ಅಮ್ಮ, ನಾಲಿಗೆ ಒಣಗ್ತಿದೆ, ಒಂದು ಲೋಟ ನೀರು ಕೊಡೇ" ಅಂದಳು. ನಾನು ಅರ್ಧ ಲೋಟ ಕೊಟ್ಟು "ಸಾಕು, ಹೊಟ್ಟೆ ಬರುತ್ತೆ ಕಣೆ" ಅಂದೆ. ಅವಳು ಏನೂ ಮಾತಾಡಲಿಲ್ಲ. ಮಾರನೇ ದಿನ ಮಿಡ್‌ವೈಫ್ ಬಂದಾಗ ಅವಳ ತುಟಿ ನೋಡಿ, ನನ್ನ ಕಡೆ ತಿರುಗಿ, ಬಹಳ ಮೆತ್ತಗೆ ಹೇಳಿದ್ರು, ಹಾಲೂಡಿಸೋ ತಾಯಿಗೆ ಬಾಯಾರಿಕೆ ಆದಾಗೆಲ್ಲ ನೀರು ಬೇಕು, ಪ್ರತಿ ಸಲ ಮಗು ಹಾಲು ಕುಡಿಯುವಾಗ ಒಂದು ಲೋಟ ಪಕ್ಕದಲ್ಲೇ ಇಡಿ ಅಂತ. ಮೂವತ್ತನಾಲ್ಕು ವರ್ಷ ಹೈಸ್ಕೂಲಲ್ಲಿ ವಿಜ್ಞಾನ ಹೇಳಿದವಳು ನಾನು. ಹಾಲಿನಲ್ಲಿ ಹೆಚ್ಚು ಪಾಲು ನೀರೇ ಅನ್ನೋದು ನನಗೆ ಅವರು ಹೇಳಬೇಕಿರಲಿಲ್ಲ. ಅವತ್ತಿಂದ ಹಾಸಿಗೆ ಪಕ್ಕ ದೊಡ್ಡ ಜಗ್ ಇಟ್ಟೆ. ಮಗಳು ಮೊದಲ ಲೋಟ ಒಂದೇ ಉಸಿರಿಗೆ ಕುಡಿದಿದ್ದು ನನ್ನ ಕಣ್ಣಿಂದ ಇವತ್ತಿಗೂ ಹೋಗಿಲ್ಲ.

ಅದೇ ದಿನಗಳಲ್ಲಿ ಕೆಳಗೆ ನಡುಮನೆಯಲ್ಲಿ, ನೀರು ಬೇಡದ ಗಿಡಕ್ಕೆ ನಾನು ದಿನಕ್ಕೊಂದು ಚೊಂಬು ಸುರೀತಿದ್ದೆ.

ನವೆಂಬರಲ್ಲಿ ಎಲೆ ಹಳದಿ ಆದವು. ನೀರು ಸಾಲದೇನೋ ಅಂತ ಸಂಜೆನೂ ಸ್ವಲ್ಪ ಹಾಕಿದೆ. ಎಲೆ ತಿರುಗಿಸಿ ನೋಡಿದ್ರೆ ಕೆಳಗೆ ಸಣ್ಣ ಜೇಡದ ಬಲೆ ಥರ, ಚುಕ್ಕಿ ಚುಕ್ಕಿ. ರೇಡಿಯೇಟರಿನ ಒಣ ಗಾಳಿಗೆ ಕೆಂಪು ನುಸಿ ಹತ್ತಿತ್ತು, ಅದನ್ನ ಶವರ್ ಕೆಳಗೆ ಹಿಡಿದು ತೊಳೆದೆ. ಆದ್ರೂ ಎಲೆ ಬೀಳೋದು ನಿಲ್ಲಲಿಲ್ಲ. ನೀರು ಸರಿ ಇಲ್ವಾ ಅಂತ ಅನುಮಾನ ಬಂತು. ನಮ್ಮೂರಿನ ಬೋರ್ ನೀರು ಕಾಯಿಸಿದ ಪಾತ್ರೆಗೆ ಬಿಳಿ ಪದರ ಕಟ್ಟುತ್ತೆ, ಅಲ್ಲಿನ ನೀರು ಸೋಪು ಹಚ್ಚಿದ್ರೆ ನೊರೆ ತೊಳೆದಷ್ಟೂ ಹೋಗಲ್ಲ, ಅಷ್ಟು ಮೆದು. ಬೆಟ್ಟದ ಮೇಲಿನ ಥರ್ಲ್‌ಮೇರ್ ಅನ್ನೋ ಕೆರೆಯಿಂದ 1894ರಲ್ಲೇ ಕಾಲುವೆ ಕೊಳವೆ ಮಾಡಿ, ಪಂಪ್ ಇಲ್ದೆ ಇಳಿಜಾರಿನಲ್ಲೇ ಊರಿಗೆ ತಂದ ನೀರದು. ಆ ನೀರಲ್ಲಿ ಯಾವ ದೋಷವೂ ಇರಲಿಲ್ಲ.

ಡಿಸೆಂಬರ್ ಎರಡನೇ ವಾರ ಗಿಡದಲ್ಲಿ ಉಳಿದಿದ್ದು ತುದಿಯ ಮೂರು ಎಲೆ. ಮಗಳು ಮಗು ಮಲಗಿದ್ದವು. ಪಾಟನ್ನ ಪೇಪರ್ ಮೇಲೆ ಮಲಗಿಸಿ, ಅಂಚಿಗೆ ತಟ್ಟಿ, ಗಿಡ ಹೊರಗೆ ಎಳೆದೆ. ಮಣ್ಣು ಅಂತ ಅಂದ್ರೆ ಅದು ಮಣ್ಣಲ್ಲ, ಕಪ್ಪಗೆ ಹಗುರಾದ ಪುಡಿ, ಸ್ಪಂಜಿನ ಹಾಗೆ ನೀರು ಹೀರ್ಕೊಂಡು ಕೂತಿತ್ತು, ಹಿಂಡಿದ್ರೆ ಬೆರಳ ಸಂದಿಂದ ನೀರು ಇಳೀತು. ಚರಂಡಿ ಬಾಯಿ ತೆಗೆದಾಗ ಬರೋ ವಾಸನೆ. ಬಿಳಿ ಇರಬೇಕಾದ ಬೇರು ಕಂದು ಬಣ್ಣ. ಒಂದು ಬೇರನ್ನ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದೆ, ಮೇಲಿನ ಸಿಪ್ಪೆ ಕಾಲುಚೀಲ ಜಾರಿದ ಹಾಗೆ ಜಾರಿ ಕೈಗೆ ಬಂತು, ಒಳಗಿಂದು ಒಂದು ತೆಳ್ಳನೆ ದಾರ ಮಾತ್ರ ಉಳೀತು. ನಾನು ಆ ದಾರ ನೋಡ್ತಾ ನೆಲದ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ.

ಬಾಷ್ಪವಿಸರ್ಜನೆ ಪಾಠ ವರ್ಷ ವರ್ಷ ಮಾಡಿದ್ದೀನಿ. ಎಲೆಯಿಂದ ನೀರು ಆವಿಯಾಗಿ ಹೋದ್ರೇನೇ ಬೇರು ಕೆಳಗಿಂದ ನೀರು ಎಳೆಯೋದು, ಅದಕ್ಕೆ ಬೆಳಕು ಬೇಕು ಶಾಖ ಬೇಕು, ಬೇರೂ ಉಸಿರಾಡುತ್ತೆ, ಮಣ್ಣಿನ ಸಂದಿನಲ್ಲಿ ಗಾಳಿ ಇರಬೇಕು, ಎಲ್ಲ ಬೋರ್ಡ್ ಮೇಲೆ ಬರೆದಿದ್ದೀನಿ, ಪ್ರಶ್ನೆ ಪತ್ರಿಕೇಲಿ ಎರಡು ಅಂಕಕ್ಕೆ ಕೇಳಿದ್ದೀನಿ. ಡಿಸೆಂಬರಲ್ಲಿ ಮ್ಯಾಂಚೆಸ್ಟರಿನ ಹಗಲು ಏಳೂವರೆ ಗಂಟೆ, ನಟ್ಟ ನಡು ಮಧ್ಯಾಹ್ನ ಸೂರ್ಯ ದಿಗಂತದಿಂದ 13 ಡಿಗ್ರಿ ಮೇಲೆ ಮಾತ್ರ. ದಾವಣಗೆರೆಯಲ್ಲಿ ಅದೇ ದಿನ 52 ಡಿಗ್ರಿ. ಅಷ್ಟು ಬೆಳಕಲ್ಲಿ ಆ ಗಿಡ ಒಂದು ಚೊಂಬನ್ನ ಹದಿನೈದು ದಿನಕ್ಕೂ ಕುಡೀತಿರಲಿಲ್ಲ. ಚಳಿಗೆ ಸಾಯ್ತಿದೆ ಅಂತ ನಾನು ಅಂದ್ಕೊಂಡಿದ್ದೆ. ಅದು ನೀರಲ್ಲಿ ಉಸಿರು ಕಟ್ಟಿ ಸಾಯ್ತಿತ್ತು.

ಮಲಗೋಕೆ ಗೊತ್ತಿರೋ ಗಿಡ

ಮಗಳ ಮನೆಯಿಂದ ಎರಡು ಮನೆ ಆಚೆ, ಮುಂದಿನ ಅಂಗಳದಲ್ಲಿ ಇನ್ನೊಂದು ದಾಸವಾಳ ಇತ್ತು. ನಾನು ಹೋದ ಹೊಸದರಲ್ಲಿ ನೇರಳೆ ಮಿಶ್ರಿತ ನೀಲಿ ಹೂ ಬಿಟ್ಕೊಂಡು ನಿಂತಿತ್ತು, ನಡುವೆ ಕುಂಕುಮ ಇಟ್ಟ ಹಾಗೆ ಕೆಂಪು. ಅದೇ ಕೇಸರದ ಕಂಬ, ಅದೇ ಐದು ದಳ. ಆ ಚಳಿ ದೇಶದಲ್ಲಿ ಬಯಲಲ್ಲೇ ಬೆಳೆಯೋ ಜಾತಿ, ಸಸ್ಯಶಾಸ್ತ್ರದ ಹೆಸರಲ್ಲಿ ಸಿರಿಯಾ ಅಂತ ಇದೆ, ಮೂಲ ಚೀನಾ ಕಡೆಯದ್ದು. ದಕ್ಷಿಣ ಕೊರಿಯಾದವರಿಗೆ ಅದೇ ರಾಷ್ಟ್ರೀಯ ಹೂ. ನಮ್ಮ ಕೆಂಪು ದಾಸವಾಳದ ಜಾತಿ ಮಲೇಷ್ಯಾದವರಿಗೆ ಹೆಂಗೋ ಹಂಗೆ. ನವೆಂಬರ್ ಬರ್ತಿದ್ದ ಹಾಗೆ ಆ ಗಿಡ ಅಷ್ಟೂ ಎಲೆ ಉದುರಿಸಿ ಬರೀ ಕಡ್ಡಿ ಆಯ್ತು. ಬೆಳಿಗ್ಗೆ ಅದರ ಮೇಲೆ ಹಿಮದ ಹುಡಿ ಕೂತಿರೋದು. ಸತ್ತೇ ಹೋಯ್ತು ಅಂದ್ಕೊಂಡಿದ್ದೆ, ಅದು ಮಲಗಿತ್ತು. ಹಗಲು ಗಿಡ್ಡ ಆದ ಕೂಡಲೇ ಎಲೆ ಇಳಿಸಿ, ಚಿಗುರಿನ ಮೊಗ್ಗುಗಳನ್ನ ಮುಚ್ಚಿ, ಮೇ ತಿಂಗಳ ತನಕ ಏಳದೆ ಮಲಗೋದು ಅದರ ರಕ್ತದಲ್ಲೇ ಬಂದಿದೆ.

ನಮ್ಮ ದಾಸವಾಳಕ್ಕೆ ಆ ವಿದ್ಯೆ ಇಲ್ಲ. ಅದರ ವಂಶದಲ್ಲಿ ಯಾರೂ ಚಳಿಗಾಲ ಕಂಡಿಲ್ಲ. ಎಲೆ ಇಳಿಸಿ ಮಲಗೋಕೆ ಬರಲ್ಲ, ಏಳೋಕೆ ಬೆಳಕಿಲ್ಲ. ಎಚ್ಚರವಾಗೇ ಕೂತಿರುತ್ತೆ, ಉಪವಾಸ. ನಿದ್ದೆ ಬಾರದವರಿಗೆ ಊಟ ಮಾಡು ಊಟ ಮಾಡು ಅಂತ ಬಲವಂತ ಮಾಡಿದ್ರೆ ಹೆಂಗೆ? ಅಲ್ಲಿಯವರು ಉಷ್ಣ ದೇಶದ ಗಿಡಗಳಿಗೆ ಗಾಜಿನ ಮನೆ ಕಟ್ಟಿ ಶಾಖ ಹಿಡಿದಿಡೋಕೆ ಎಷ್ಟು ಒದ್ದಾಡಿದ್ರು ಅನ್ನೋದು ನನಗೆ ಆಗ ಅರ್ಥ ಆಯ್ತು. ನಮ್ಮ ಕುಂದವಾಡದ ಗಾಜಿನ ಮನೆಗೆ ಫ್ಲವರ್ ಶೋ ನೋಡೋಕೆ ಹೋದಾಗೆಲ್ಲ ಸೆಕೆಗೆ ಸೆರಗಲ್ಲಿ ಗಾಳಿ ಹಾಕ್ಕೋತೀವಿ. ಅದೇ ಗಾಜು ಅಲ್ಲಿ ಗಿಡದ ಪ್ರಾಣ ಉಳಿಸುತ್ತೆ.

ಆವತ್ತು ಕೊಳೆತ ಬೇರನ್ನೆಲ್ಲ ಕತ್ತರಿಸಿದೆ, ಮೂರನೇ ಒಂದು ಭಾಗ ಉಳೀತೇನೋ. ಅಳಿಯಂದಿರು ಸಂಜೆ ಸಣ್ಣ ಜಲ್ಲಿ, ಪರ್ಲೈಟ್ ಅನ್ನೋ ಹಗುರಾದ ಬಿಳಿ ಕಾಳು, ಒಂದು ಚೀಲ ತೆಂಗಿನ ನಾರಿನ ಪುಡಿ ತಂದ್ರು, ನಮ್ಮ ಕಡೆ ತೆಂಗಿನ ನಾರು ಅಲ್ಲಿ ಇಟ್ಟಿಗೆ ಮಾಡಿ ಮಾರ್ತಾರೆ. ಚಿಕ್ಕ ಪಾಟಿಗೆ ಬದಲಾಯಿಸಿ, ರೇಡಿಯೇಟರ್ ಆಫ್ ಮಾಡಿಟ್ಟಿದ್ದ ಮೇಲಿನ ಸಣ್ಣ ರೂಮಿನ ಕಿಟಕಿಗೆ ಒಯ್ದು ಇಟ್ಟೆ. ಅಲ್ಲಿ ಹನ್ನೆರಡು ಹದಿಮೂರು ಡಿಗ್ರಿ ಇರೋದು. ಮೂರು ವಾರ ನೀರು ಹಾಕಬಾರದು ಅಂತ ತೀರ್ಮಾನ ಮಾಡಿದೆ.

ಆ ಮೂರು ವಾರ ನನಗೆ ಬಹಳ ಕಷ್ಟ ಆಯ್ತು. ಪೂಜೆ ಆಗೋದು, ಕೈಯಲ್ಲಿ ಕಳಸದ ನೀರು, ಹಾಕೋಕೆ ಜಾಗ ಇಲ್ಲ. ಸಿಂಕಿಗೆ ಚೆಲ್ಲೋಕೆ ಮನಸ್ಸು ಬರಲಿಲ್ಲ, ಆ ಚಳಿಯಲ್ಲಿ ಶಾಲು ಹೊದ್ದು ಹಿತ್ತಲ ಬಾಗಿಲು ತೆಗೆದು ಹುಲ್ಲಿಗೆ ಹಾಕಿ ಬರ್ತಿದ್ದೆ. ದಿನಕ್ಕೆ ಎರಡು ಸಲ ಮೇಲೆ ಹೋಗಿ ರೂಮಿನ ಬಾಗಿಲಲ್ಲಿ ನಿಂತು ನೋಡೋದು, ಮುಟ್ಟದೆ ಇಳಿಯೋದು. ಇನ್ನೂ ಒಂದು ಸಂಗತಿ ಆ ವಾರಗಳಲ್ಲೇ ಆಯ್ತು. ಮಗು ಅತ್ರೆ ಸಾಕು ಮೊದಲು ಓಡೋಳು ನಾನು. ಒಂದು ರಾತ್ರಿ ಅಳು ಕೇಳಿ ಎದ್ದು ಅವರ ರೂಮಿನ ಬಾಗಿಲ ತನಕ ಹೋದೆ. ಒಳಗೆ ಮಗಳು ಕತ್ತಲಲ್ಲೇ ಏನೋ ಗುನುಗ್ತಾ ಓಡಾಡ್ತಿದ್ಲು, ತಪ್ಪು ತಪ್ಪು ರಾಗ, ಮಗು ಇನ್ನೂ ಅಳ್ತಿತ್ತು. ನನ್ನ ಕೈ ಹಿಡಿಕೆ ಮೇಲಿತ್ತು. ಹಾಗೇ ನಿಂತೆ. ಹತ್ತು ನಿಮಿಷ ಆಗಿರಬಹುದು, ಅಳು ತಗ್ಗಿ, ನಿಂತು, ಮಂಚ ಕಿರುಗುಟ್ಟಿದ ಶಬ್ದ ಕೇಳಿದ ಮೇಲೆ ವಾಪಸ್ ಬಂದು ಮಲಗಿದೆ. ಬೆಳಿಗ್ಗೆ ಮಗಳು "ರಾತ್ರಿ ನಿನಗೆ ಎಚ್ಚರ ಆಗ್ಲಿಲ್ವಾ ಅಮ್ಮ? ನಾನೇ ಮಲಗಿಸಿದೆ" ಅಂದಳು, ಅವಳ ಮುಖ ಅರಳಿತ್ತು. ಇಲ್ಲ ಕಣೆ ಅಂದೆ.

ಜನವರಿ ಕೊನೆಗೆ, ಮೂರು ಎಲೆಯೂ ಬಿದ್ದ ಮೇಲೆ, ಕಡ್ಡಿಯನ್ನ ಉಗುರಲ್ಲಿ ಗೀರಿ ನೋಡಿದೆ. ತುದಿಯಲ್ಲಿ ಒಣ ಕಂದು. ಒಂದು ಗೇಣು ಕೆಳಗೆ ಮತ್ತೆ ಗೀರಿದೆ, ಅಲ್ಲೂ ಕಂದು. ಬುಡದ ಹತ್ರ, ಕವಲು ಒಡೆಯೋ ಜಾಗದಲ್ಲಿ ಮೂರನೇ ಸಲ ಗೀರಿದಾಗ ಸಿಪ್ಪೆ ಕೆಳಗೆ ಎಳೆ ಅವರೆಕಾಯಿ ಬಣ್ಣದ ಹಸಿರು, ಕೂದಲೆಳೆಯಷ್ಟು ಅಗಲ, ಒದ್ದೆ ಒದ್ದೆ. ಮಗಳನ್ನ ಕೂಗಿ ಕರೆದು ತೋರಿಸಿದೆ, ಅವಳು ಮಗುನ ಎತ್ಕೊಂಡೇ ಬಗ್ಗಿ ನೋಡಿದಳು.

ಮಾರ್ಚಲ್ಲಿ ನಾನು ವಾಪಸ್ ಬರೋ ಹೊತ್ತಿಗೆ ಅಕ್ಕಿಕಾಳಿನಷ್ಟು ಎರಡು ಚಿಗುರು. ಒಣಗಿದ್ದನ್ನ ಕತ್ತರಿಸಿ ಬಂದೆ. ಮೇ ಕೊನೆಗೆ ಹಿಮದ ಭಯ ಹೋದ ಮೇಲೆ ಹೊರಗಿಡು, ಒಂದೇ ಸಲ ಬಿಸಿಲಿಗೆ ಬೇಡ, ನೆರಳಿಂದ ಶುರು ಮಾಡು, ಟೊಮೇಟೊಗೆ ಹಾಕೋ ಪೊಟ್ಯಾಷ್ ಜಾಸ್ತಿ ಇರೋ ಗೊಬ್ಬರ ವಾರಕ್ಕೊಮ್ಮೆ, ಸೆಪ್ಟೆಂಬರಲ್ಲಿ ಒಳಗೆ, ಆಮೇಲೆ ಗೊಬ್ಬರ ಪೂರ್ತಿ ಬಂದ್, ಅಂತ ಎಲ್ಲ ಹೇಳಿ ಬಂದಿದ್ದೆ. ಆ ವರ್ಷ ಆಗಸ್ಟಲ್ಲಿ ಒಂದೇ ಒಂದು ಹೂ ಬಿಡ್ತು. ಇಲ್ಲಿ ಬೆಳಿಗ್ಗೆ ಅರಳಿ ಸಂಜೆಗೆ ಮುದುಡೋ ಹೂ, ಅಲ್ಲಿನ ತಂಪಿಗೆ ಎರಡು ದಿನ ಪೂರ್ತಿ ನಿಂತಿತ್ತು. ಮಗಳು ಅದನ್ನ ಕೀಳಲಿಲ್ಲ, ದೇವರಿಗೂ ಇಡಲಿಲ್ಲ. ಫೋನ್ ಹಿಡಿದು ನನಗೆ ತೋರಿಸಿದಳು, ಎರಡೂ ದಿನ. ಆ ಸಂಜೆ ನಮ್ಮ ಗಿಡದ ಕೆಳಗೆ ಕಸಬರಿಗೆಯಲ್ಲಿ ಮುದುಡಿದ ಹೂ ಗುಡಿಸುವಾಗ ಕೈ ಸ್ವಲ್ಪ ತಡೀತು.

ಕಳೆದ ಭಾನುವಾರ ವಿಡಿಯೋ ಕಾಲ್ ಮಾಡಿದ್ದಳು. ಇದು ಆ ಗಿಡಕ್ಕೆ ಮೂರನೇ ಚಳಿಗಾಲ, ಮೇಲಿನ ಸಣ್ಣ ರೂಮಲ್ಲೇ ಇದೆ, ಅರ್ಧ ಎಲೆ ಉಳಿಸ್ಕೊಂಡಿದೆ. "ಅಮ್ಮ, ಹೊರಗೆ ಸ್ವಲ್ಪ ಬಿಸಿಲು ಬರ್ತಿದೆ, ಈಗ ನೀರು ಶುರು ಮಾಡ್ಲಾ?" ಅಂದಳು. ಬೆರಳು ಇಟ್ಟು ನೋಡು ಅಂದೆ. ನೋಡಿ "ಕೆಳಗೆ ಇನ್ನೂ ಒದ್ದೆ ಇದೆ" ಅಂದಳು. ಹಂಗಾದ್ರೆ ಇನ್ನೊಂದು ವಾರ ಬಿಡು ಅಂತ ನಾನು ಹೇಳ್ತಿರುವಾಗಲೇ ಹಿಂದಿಂದ ಮೊಮ್ಮಗಳು ತನ್ನ ಪುಟ್ಟ ಲೋಟ ತಂದು, ತುದಿಗಾಲಲ್ಲಿ ನಿಂತು, ಉಳಿದಿದ್ದ ಎರಡು ಗುಟುಕು ನೀರನ್ನ ಪಾಟಿಗೆ ಬಗ್ಗಿಸಿದಳು. ಮಗಳು ತಡೆಯೋಕೆ ಕೈ ಚಾಚಿ, ನಿಲ್ಲಿಸಿ, ನನ್ನ ಮುಖ ನೋಡಿದಳು.

ಅಷ್ಟು ಪರವಾಗಿಲ್ಲ ಬಿಡು ಅಂದೆ.